ಹಾಸಿಗೆಯ ಬದಿಯ ವಿದ್ಯೆ: ನರರೋಗಿಗಳ ಶುಶ್ರೂಷೆ ಬೆಳೆದು ಬಂದ ದಾರಿ

ತಲೆಗೆ ಪೆಟ್ಟು ಬಿದ್ದು ಆಸ್ಪತ್ರೆ ಸೇರಿದ ರೋಗಿಗೆ ದಾದಿ ಕೇಳುವ ಪ್ರಶ್ನೆಗಳು ತೀರ ಸಾಮಾನ್ಯವಾದವು. ನಿಮ್ಮ ಹೆಸರೇನು? ಈಗ ಎಲ್ಲಿದ್ದೀರಿ? ಇದು ಯಾವ ತಿಂಗಳು? ಅರ್ಧ ಗಂಟೆಯ ಬಳಿಕ ಆಕೆ ಮತ್ತೆ ಬಂದು ಅದನ್ನೇ ಕೇಳುತ್ತಾಳೆ. ನಡುರಾತ್ರಿಯಲ್ಲಿ ಎಬ್ಬಿಸಿಯೂ ಕೇಳುತ್ತಾಳೆ. ಕಣ್ಣಿಗೆ ಬೆಳಕು ಬಿಟ್ಟು ಪಾಪೆಗಳನ್ನು ನೋಡುತ್ತಾಳೆ, ಕೈ ಹಿಡಿದು ಹಿಸುಕಲು ಹೇಳುತ್ತಾಳೆ. ಮಲಗಿದವನನ್ನು ಹೀಗೇಕೆ ಕಾಡುತ್ತಾರೆ ಎಂದು ಬಂಧುಗಳಿಗೆ ಬೇಸರವಾಗುವುದು ಸಹಜ.

ಆದರೆ ರೋಗಿಯ ಉಳಿವು ಅಳಿವು ಅನೇಕ ಸಲ ಈ ಪ್ರಶ್ನೋತ್ತರದ ಮೇಲೆಯೇ ನಿಂತಿರುತ್ತದೆ. ತಲೆಬುರುಡೆ ಎಂಬುದು ಮುಚ್ಚಿದ ಪೆಟ್ಟಿಗೆ. ಒಳಗೆ ರಕ್ತ ಸೋರತೊಡಗಿದರೆ ಅದಕ್ಕೆ ಹೊರಬರಲು ದಾರಿಯಿಲ್ಲ. ಅದು ಮಿದುಳನ್ನೇ ಒತ್ತುತ್ತದೆ. ಆ ಒತ್ತಡದ ಮೊದಲ ಸುಳಿವು ಬಹುಮಟ್ಟಿಗೆ ರೋಗಿಯ ಎಚ್ಚರದಲ್ಲಿ ಆಗುವ ಸಣ್ಣ ಬದಲಾವಣೆ. ಹತ್ತು ಗಂಟೆಗೆ ಸರಿಯಾಗಿ ಊರಿನ ಹೆಸರು ಹೇಳಿದವನು ಹನ್ನೊಂದಕ್ಕೆ ತಡವರಿಸಿದರೆ ಅದು ನಿದ್ದೆಯ ಮಂಪರು ಇರಬಹುದು, ಒಳಗಿನ ರಕ್ತಸ್ರಾವವೂ ಇರಬಹುದು. ವೈದ್ಯರು ಬಂದು ನೋಡಿ ಹೋಗುವುದು ಕೆಲವು ನಿಮಿಷ. ಉಳಿದ ಹೊತ್ತೆಲ್ಲ ಹಾಸಿಗೆಯ ಬದಿಯಲ್ಲಿ ಇರುವವಳು ದಾದಿ. ವ್ಯತ್ಯಾಸವನ್ನು ಮೊದಲು ಕಾಣಬೇಕಾದವಳೂ ಅವಳೇ.

ಬೆಳಗಾವಿ ಜಿಲ್ಲೆಯ ಉತ್ತರ ಅಂಚಿನಲ್ಲಿ, ಮೊದಲು ಅಥಣಿ ತಾಲ್ಲೂಕಿನಲ್ಲಿದ್ದು ಈಗ ಕಾಗವಾಡ ತಾಲ್ಲೂಕಿಗೆ ಸೇರಿರುವ ಶೇಡಬಾಳದ ಹಿರಿಯ ರೈತನೊಬ್ಬನಿಗೆ ಇದೇ ಪ್ರಶ್ನೆ ಕೇಳಿದರೆ, ತಿಂಗಳು ಯಾವುದೆಂಬುದಕ್ಕೆ ಆತ 'ಶ್ರಾವಣ' ಎಂದಾನು. ಅದು ತಪ್ಪಲ್ಲ. ಆದರೆ 'ಆಗಸ್ಟ್' ಎಂಬ ಉತ್ತರವನ್ನಷ್ಟೇ ಎದುರುನೋಡುವ, ಆತನ ಮಾತು ತಿಳಿಯದ ದಾದಿಯೊಬ್ಬಳು ಅದನ್ನು 'ಗೊಂದಲದ ಉತ್ತರ' ಎಂದು ಬರೆದುಕೊಂಡರೆ ಆತನ ಲೆಕ್ಕದಲ್ಲಿ ಒಂದು ಅಂಕ ಕಡಿಮೆಯಾಗುತ್ತದೆ. ನರರೋಗಿಗಳ ಶುಶ್ರೂಷೆ ಎಂಬ ವಿದ್ಯೆಗೆ ಹೀಗೆ ಎರಡು ಮುಖ. ಒಂದು, ಏನನ್ನು ನೋಡಬೇಕೆಂಬ ಶಾಸ್ತ್ರ. ಇನ್ನೊಂದು, ನೋಡುವವಳಿಗೂ ರೋಗಿಗೂ ನಡುವಿನ ಮಾತು. ಮೊದಲನೆಯದು ಹೇಗೆ ಬೆಳೆಯಿತು, ನಮ್ಮ ನಾಡಿಗೆ ಹೇಗೆ ಬಂತು, ಎರಡನೆಯದರ ಕಡೆ ನಾವು ಏಕೆ ಗಮನ ಕೊಡಬೇಕು ಎಂಬುದು ಇಲ್ಲಿಯ ವಿಚಾರ.

ಸೇವೆ ಬೇರೆ, ವಿದ್ಯೆ ಬೇರೆ

ರೋಗಿಯ ಆರೈಕೆಗೆ ಗೌರವದ ಸ್ಥಾನ ಕೊಡುವುದು ನಮ್ಮಲ್ಲಿ ಹೊಸದಲ್ಲ. ಚಿಕಿತ್ಸೆಗೆ ನಾಲ್ಕು ಪಾದಗಳೆಂದು ಚರಕ ಸಂಹಿತೆ ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ ಮತ್ತು ರೋಗಿ. ಪರಿಚಾರಕನಿಗೆ ಇರಬೇಕಾದ ನಾಲ್ಕು ಗುಣಗಳನ್ನೂ ಅದು ಎಣಿಸುತ್ತದೆ. ಉಪಚಾರದ ತಿಳಿವಳಿಕೆ, ದಕ್ಷತೆ, ರೋಗಿಯಲ್ಲಿ ಅನುರಾಗ, ಶುಚಿತ್ವ. ಈ ಪಟ್ಟಿಯಲ್ಲಿ ಮೊದಲು ಬರುವುದು ಅನುರಾಗವಲ್ಲ, ತಿಳಿವಳಿಕೆ ಎಂಬುದನ್ನು ಗಮನಿಸಬೇಕು.

ಶೇಡಬಾಳಕ್ಕೆ ಇನ್ನೊಂದು ಪರಂಪರೆಯೂ ಉಂಟು. ಜೈನರು ಹೆಚ್ಚಾಗಿರುವ ಈ ಸೀಮೆಯಲ್ಲಿ ಅದು ಹೆಸರಾದ ಊರು. ಆಚಾರ್ಯ ವಿದ್ಯಾನಂದ ಮುನಿಗಳು 1925ರಲ್ಲಿ ಹುಟ್ಟಿದ್ದು ಇಲ್ಲಿಯೇ. ಜೈನ ಧರ್ಮದಲ್ಲಿ ಹೇಳುವ ಆರು ಅಂತರಂಗ ತಪಸ್ಸುಗಳಲ್ಲಿ 'ವೈಯಾವೃತ್ಯ' ಒಂದು. ಮುಪ್ಪಿನಿಂದ, ರೋಗದಿಂದ, ದಣಿವಿನಿಂದ ಬಳಲುವ ಸಾಧುಗಳ ಸೇವೆ ಮಾಡುವುದು ಎಂದು ಅದರ ಅರ್ಥ. ಸ್ವಾಧ್ಯಾಯ, ಧ್ಯಾನಗಳ ಸಾಲಿನಲ್ಲಿ ರೋಗಿಯ ಉಪಚಾರವನ್ನೂ ತಪಸ್ಸೆಂದು ಇಟ್ಟಿರುವುದು ಸಣ್ಣ ಸಂಗತಿಯಲ್ಲ.

ಹೀಗಿದ್ದೂ ದಾದಿಯ ಕೆಲಸ ನಮ್ಮ ಸಮಾಜದಲ್ಲಿ ಬಹುಕಾಲ ಮಾನದ ಕೆಲಸವಾಗಲಿಲ್ಲ. ಮನೆಯ ಹಿರಿಯರ ಮಲಮೂತ್ರ ತೆಗೆಯುವುದು ಪುಣ್ಯವಾಗಿತ್ತು; ಪರರದನ್ನು ಸಂಬಳಕ್ಕೆ ತೆಗೆಯುವುದು ಮೈಲಿಗೆಯಾಗಿತ್ತು. ರಾತ್ರಿ ಪಾಳಿಯಲ್ಲಿ ಹೆಣ್ಣುಮಗಳು ದುಡಿಯುವುದನ್ನು ಮನೆಯವರು ಒಪ್ಪುತ್ತಿರಲಿಲ್ಲ. ಸೇವೆಯನ್ನು ಹೊಗಳಿದ ನಾವು ಸೇವೆ ಮಾಡುವವಳಿಗೆ ಶಿಕ್ಷಣ ಬೇಕೆಂಬುದನ್ನು ಒಪ್ಪಲು ತಡಮಾಡಿದೆವು. ಮಿಷನರಿ ಆಸ್ಪತ್ರೆಗಳು ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿದವು.

ಮಿರಜಿನ ದಾರಿ

ಗಡಿ ಭಾಗದ ಜನರಿಗೆ 'ದೊಡ್ಡ ದವಾಖಾನಿ' ಎಂದರೆ ತಲೆಮಾರುಗಳಿಂದ ಮಿರಜ. ಶೇಡಬಾಳ ನಿಲ್ದಾಣ ಇರುವುದು ಬೆಳಗಾವಿಯಿಂದ ಮಿರಜಕ್ಕೆ ಹೋಗುವ ರೈಲುಮಾರ್ಗದಲ್ಲಿಯೇ. ರಾಯಬಾಗ, ಕುಡಚಿ, ಉಗಾರ ಹಾದು ಬರುವ ಗಾಡಿ ಶೇಡಬಾಳ ದಾಟಿದ ಮೇಲೆ ಮಿರಜ ಬಹಳ ದೂರವಿಲ್ಲ. 1889ರಲ್ಲಿ ಭಾರತಕ್ಕೆ ಬಂದ ಕೆನಡಾ ಮೂಲದ ಮಿಷನರಿ ವೈದ್ಯ ವಿಲಿಯಂ ಜೇಮ್ಸ್ ವಾನ್‌ಲೆಸ್ ಮಿರಜದಲ್ಲಿ 1894ರಲ್ಲಿ ಆಸ್ಪತ್ರೆ ತೆರೆದರು. ಮುಂದೆ ಅಲ್ಲಿ ವೈದ್ಯಕೀಯ ಸಹಾಯಕರಿಗೂ ದಾದಿಯರಿಗೂ ಶಿಕ್ಷಣ ದೊರೆಯತೊಡಗಿತು. ಶಸ್ತ್ರಚಿಕಿತ್ಸೆಗೆ ಅದು ಹೆಸರಾಗಿ ಕನ್ನಡ, ಮರಾಠಿ ಎರಡೂ ಸೀಮೆಗಳ ರೋಗಿಗಳು ಎತ್ತಿನ ಗಾಡಿಯಲ್ಲಿ, ರೈಲಿನಲ್ಲಿ ಬರುತ್ತಿದ್ದರು. ವಾನ್‌ಲೆಸ್ 1933ರಲ್ಲಿ ತೀರಿಕೊಂಡರು.

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೆಳಗಾವಿ ಜಿಲ್ಲೆ ಅಂದಿನ ಮೈಸೂರು ರಾಜ್ಯಕ್ಕೆ ಸೇರಿತು. ಮಿರಜ ಮುಂಬಯಿ ರಾಜ್ಯದಲ್ಲೇ ಉಳಿದು 1960ರಲ್ಲಿ ಮಹಾರಾಷ್ಟ್ರದ್ದಾಯಿತು. ನಕಾಶೆಯಲ್ಲಿ ಗೆರೆ ಬಿತ್ತು, ರೋಗಿಯ ದಾರಿ ಬದಲಾಗಲಿಲ್ಲ. ಬಳಿಕ ಕರ್ನಾಟಕದ ಕಡೆಯೂ ಅನುಕೂಲಗಳು ಬೆಳೆದವು. ಹುಬ್ಬಳ್ಳಿಯಲ್ಲಿ 1957ರಲ್ಲಿ, ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯಿಂದ 1963ರಲ್ಲಿ ವೈದ್ಯಕೀಯ ಕಾಲೇಜುಗಳು ಆರಂಭವಾದವು. ಆದರೆ ಮಿದುಳು, ಬೆನ್ನುಹುರಿ, ನರಗಳ ಕಾಯಿಲೆಗೆ ವಿಶೇಷ ಶುಶ್ರೂಷೆ ಎಂಬ ಕಲ್ಪನೆ ಆ ಹೊತ್ತಿಗೆ ಜಗತ್ತಿಗೇ ಹೊಸದಾಗಿತ್ತು.

ರೋಗಿಗಳೇ ಕಲಿಸಿದ ಪಾಠ

ನರರೋಗಗಳಿಗೆಂದೇ ಮೀಸಲಾದ ಆಸ್ಪತ್ರೆಗಳಲ್ಲಿ ಹಳೆಯದೂ ಹೆಸರಾದುದೂ ಲಂಡನ್ನಿನ ಕ್ವೀನ್ ಸ್ಕ್ವೇರ್ ಆಸ್ಪತ್ರೆ. 1859ರಲ್ಲಿ ಅದನ್ನು ಹುಟ್ಟುಹಾಕಲು ಮುಂದಾದವರು ವೈದ್ಯರಲ್ಲ. ಜೊಹಾನಾ ಚಾಂಡ್ಲರ್ ಮತ್ತು ಆಕೆಯ ಒಡಹುಟ್ಟಿದವರು. ತಮ್ಮನ್ನು ಸಾಕಿದ ಅಜ್ಜಿಗೆ ಪಾರ್ಶ್ವವಾಯು ಬಡಿದಾಗ ಅಂಥ ರೋಗಿಗಳಿಗೆ ಎಲ್ಲಿಯೂ ನೆಲೆಯಿಲ್ಲವೆಂಬುದು ಅವರಿಗೆ ತಿಳಿಯಿತು. ಮನೆಯಲ್ಲಿ ಆರೈಕೆ ಮಾಡಿ ಬಳಲಿದವರ ಅನುಭವದಿಂದ ಆ ಆಸ್ಪತ್ರೆ ಹುಟ್ಟಿತು ಎನ್ನಬಹುದು.

ಎರಡನೆಯ ಮಹಾಯುದ್ಧದವರೆಗೂ ಬೆನ್ನುಹುರಿ ತುಂಡಾದ ಸೈನಿಕ ಹೆಚ್ಚು ಕಾಲ ಬದುಕುತ್ತಿರಲಿಲ್ಲ. ಸಾವಿಗೆ ಕಾರಣ ಬಹುಮಟ್ಟಿಗೆ ಗಾಯವಲ್ಲ. ಹಾಸಿಗೆ ಹುಣ್ಣು ಮತ್ತು ಮೂತ್ರಕೋಶದ ಸೋಂಕು. ನಾಜಿ ಜರ್ಮನಿಯಿಂದ ಇಂಗ್ಲೆಂಡಿಗೆ ಬಂದು ನೆಲಸಿದ ನರವೈದ್ಯ ಲುಡ್ವಿಗ್ ಗಟ್ಮನ್ 1944ರಲ್ಲಿ ಸ್ಟೋಕ್ ಮ್ಯಾಂಡವಿಲ್ ಆಸ್ಪತ್ರೆಯ ಬೆನ್ನುಹುರಿ ವಿಭಾಗದ ಹೊಣೆ ಹೊತ್ತರು. ಅಲ್ಲಿ ಅವರು ಪಟ್ಟು ಹಿಡಿದು ಜಾರಿಗೆ ತಂದ ನಿಯಮ ಸರಳವಾದುದು: ಹಗಲಿರುಳೆನ್ನದೆ ಎರಡು ಗಂಟೆಗೊಮ್ಮೆ ರೋಗಿಯ ಮಗ್ಗುಲು ಬದಲಿಸಬೇಕು. ಸಾಯುತ್ತಾರೆಂದು ಕೈಬಿಟ್ಟವರು ಬದುಕಿದರು. 1948ರಲ್ಲಿ ಆ ಅಂಗಳದಲ್ಲಿ ಗಾಲಿಕುರ್ಚಿಯ ಮೇಲೆ ಕುಳಿತು ಬಿಲ್ಲುಗಾರಿಕೆಯಲ್ಲಿ ಸ್ಪರ್ಧಿಸಿದರು. ಇಂದಿನ ಪ್ಯಾರಾಲಿಂಪಿಕ್ಸ್‌ನ ಮೂಲ ಅದೇ. ಹೊಸ ಔಷಧವೊಂದು ಮಾಡದ ಕೆಲಸವನ್ನು ಮಗ್ಗುಲು ಬದಲಿಸುವ ಕೈಗಳು ಮಾಡಿದವು.

1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರಕ್ಕೆ ಪೋಲಿಯೊ ಹಬ್ಬಿತು. ಉಸಿರಾಟದ ಸ್ನಾಯುಗಳೇ ನಿಷ್ಕ್ರಿಯವಾದ ರೋಗಿಗಳು ಬ್ಲೆಗ್ದಾಮ್ ಆಸ್ಪತ್ರೆಯಲ್ಲಿ ತುಂಬಿದರು. ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಕುತ್ತಿಗೆಯಲ್ಲಿ ರಂಧ್ರ ಮಾಡಿ, ನಳಿಕೆ ಕೂರಿಸಿ, ರಬ್ಬರ್ ಚೀಲವನ್ನು ಕೈಯಿಂದ ಒತ್ತಿ ಉಸಿರು ಕೊಡುವ ದಾರಿ ತೋರಿದರು. ಸುಮಾರು 1,500 ವಿದ್ಯಾರ್ಥಿಗಳು ಪಾಳಿಯ ಮೇಲೆ ವಾರಗಟ್ಟಲೆ ಚೀಲ ಒತ್ತಿದರು; ದಾದಿಯರು ಬದಿಯಲ್ಲಿ ನಿಂತು ಕಫ ತೆಗೆದರು, ನಾಡಿ ನೋಡಿದರು. ಸಾವಿನ ಪ್ರಮಾಣ ತೀವ್ರವಾಗಿ ಇಳಿಯಿತು. ಇಂದು ನಾವು 'ಐ.ಸಿ.ಯು.' ಎಂದು ಕರೆಯುವ ತುರ್ತು ನಿಗಾ ಘಟಕದ ಬೀಜ ಇಲ್ಲಿದೆ.

ಈ ಪ್ರಸಂಗಗಳಿಂದ ಹೊರಟ ಪಾಠ ಒಂದೇ. ಮಿದುಳು, ನರಗಳ ರೋಗದಲ್ಲಿ ರೋಗಿ ತನ್ನ ನೋವನ್ನು ತಾನೇ ಹೇಳಲಾರ, ಮಗ್ಗುಲು ತಿರುಗಲಾರ, ಕೆಲವೊಮ್ಮೆ ಉಸಿರೂ ಆಡಲಾರ. ಅವನ ಪರವಾಗಿ ಗಮನಿಸುವವರಿಗೆ ಬೇರೆಯದೇ ತರಬೇತಿ ಬೇಕು. 1968ರಲ್ಲಿ ಅಮೆರಿಕದ ನರಶಸ್ತ್ರಚಿಕಿತ್ಸಾ ದಾದಿಯರು ತಮ್ಮದೇ ಸಂಘ ಕಟ್ಟಿಕೊಂಡರು.

ಬೆಂಗಳೂರಿನ ಕೊಡುಗೆ

ಭಾರತದಲ್ಲಿ ನರಶಸ್ತ್ರಚಿಕಿತ್ಸೆ ಪ್ರತ್ಯೇಕ ವಿಭಾಗವಾಗಿ ಕಾಲಿಟ್ಟದ್ದು 1949ರಲ್ಲಿ, ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ. ಅದನ್ನು ಆರಂಭಿಸಿದ ಡಾ. ಜೇಕಬ್ ಚಾಂಡಿ ಕೆನಡಾದ ಮಾಂಟ್ರಿಯಲ್‌ನಲ್ಲಿ ವೈಲ್ಡರ್ ಪೆನ್‌ಫೀಲ್ಡ್ ಅವರ ಬಳಿ ಕಲಿತು ಬಂದಿದ್ದರು. ಶುಶ್ರೂಷಾ ಶಿಕ್ಷಣವೂ ಆ ವರ್ಷಗಳಲ್ಲೇ ಮೇಲೇರುತ್ತಿತ್ತು. 1946ರಲ್ಲಿ ದೆಹಲಿ ಮತ್ತು ವೆಲ್ಲೂರಿನಲ್ಲಿ ಶುಶ್ರೂಷೆಯ ಪದವಿ ಶಿಕ್ಷಣ ಆರಂಭವಾಯಿತು. 1947ರ ಕಾಯಿದೆಯಿಂದ ಭಾರತೀಯ ಶುಶ್ರೂಷಾ ಪರಿಷತ್ತು ರೂಪುಗೊಂಡಿತು. 'ದಾದಿಗೆ ಪದವಿ ಏಕೆ?' ಎಂದು ಕೇಳುತ್ತಿದ್ದ ಕಾಲ ಅದು.

ಬೆಂಗಳೂರಿನ ಕತೆ ಬೇರೆ ಬಾಗಿಲಿನಿಂದ ಒಳಬಂದದ್ದು. 19ನೆಯ ಶತಮಾನದ ನಡುಭಾಗದಲ್ಲಿ ಅಲ್ಲಿ ಹುಚ್ಚಾಸ್ಪತ್ರೆಯೊಂದು ತಲೆಯೆತ್ತಿತು. 1925ರಲ್ಲಿ ಮೈಸೂರು ಸಂಸ್ಥಾನ ಅದನ್ನು 'ಮಾನಸಿಕ ಆಸ್ಪತ್ರೆ' ಎಂದು ಕರೆಯಿತು. ಹೆಸರಿನ ಬದಲಾವಣೆಯ ಹಿಂದೆ ದೃಷ್ಟಿಯ ಬದಲಾವಣೆಯೂ ಇತ್ತು: ಕೂಡಿಹಾಕುವ ಜಾಗ ಚಿಕಿತ್ಸೆಯ ಜಾಗವಾಗಬೇಕೆಂಬುದು. 1954ರ ಡಿಸೆಂಬರ್ 27ರಂದು ಆ ಆಸ್ಪತ್ರೆಯ ಆವರಣದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. ಡಾ. ಎಂ.ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. ವೈದ್ಯರಿಗೆ, ಮನಶ್ಶಾಸ್ತ್ರಜ್ಞರಿಗೆ ಸ್ನಾತಕೋತ್ತರ ತರಗತಿಗಳು ತೊಡಗಿದ ಬೆನ್ನಲ್ಲೇ, 1956ರಲ್ಲಿ, ಈಗಾಗಲೇ ತರಬೇತಿ ಮುಗಿಸಿದ ದಾದಿಯರಿಗಾಗಿ ಮಾನಸಿಕ ಶುಶ್ರೂಷೆಯಲ್ಲಿ ಒಂದು ವರ್ಷದ ವಿಶೇಷ ಶಿಕ್ಷಣವೂ ಪ್ರಾರಂಭವಾಯಿತು.

ಇಂದು ನೋಡಿದರೆ ಇದು ಚಿಕ್ಕ ಹೆಜ್ಜೆಯಂತೆ ಕಂಡೀತು. ಆದರೆ ಅದರ ಹಿಂದಿನ ವಿಚಾರ ದೊಡ್ಡದು. ದಾದಿಯ ಕಲಿಕೆ ಮೂರು ವರ್ಷದ ಸಾಮಾನ್ಯ ತರಬೇತಿಗೇ ಮುಗಿಯುವುದಿಲ್ಲ. ವೈದ್ಯರಂತೆ ಅವಳೂ ಒಂದು ವಿಷಯದಲ್ಲಿ ಆಳಕ್ಕಿಳಿಯಬಹುದು ಎಂಬುದನ್ನು ಸರ್ಕಾರಿ ಸಂಸ್ಥೆಯೊಂದು ಒಪ್ಪಿಕೊಂಡಿತ್ತು. 1958ರಲ್ಲಿ ಡಾ. ಆರ್.ಎಂ. ವರ್ಮ ಬಂದು ನರಶಸ್ತ್ರಚಿಕಿತ್ಸೆಯನ್ನು ಬೆಳೆಸಿದರು. ನರರೋಗ ವಿಭಾಗವೂ ಬಲಗೊಂಡಿತು. ಮನೋರೋಗಿಯ ಪಕ್ಕದಲ್ಲೇ ಈಗ ಮಿದುಳುಗಡ್ಡೆಯವರು, ಮೂರ್ಛೆರೋಗದವರು, ತಲೆಗೆ ಪೆಟ್ಟುಬಿದ್ದವರು, ಮಿದುಳುಜ್ವರದವರು ಬಂದು ಮಲಗಿದರು. 1974ರಲ್ಲಿ ಆಸ್ಪತ್ರೆಯೂ ಸಂಸ್ಥೆಯೂ ಒಂದಾಗಿ 'ನಿಮ್ಹಾನ್ಸ್' ಆಯಿತು. ವರ್ಮ ಅವರೇ ಮೊದಲ ನಿರ್ದೇಶಕರು. ಮುಂದೆ ನರವಿಜ್ಞಾನ ಶುಶ್ರೂಷೆಗೂ ಪ್ರತ್ಯೇಕ ಡಿಪ್ಲೊಮಾ ಬಂತು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ನರಶುಶ್ರೂಷೆಯ ಡಿಪ್ಲೊಮಾವನ್ನೂ, ದೆಹಲಿಯ ಏಮ್ಸ್ ಇದೇ ವಿಷಯದಲ್ಲಿ ಸ್ನಾತಕೋತ್ತರ ಪದವಿಯನ್ನೂ ಆರಂಭಿಸಿದವು. 2012ರ ಕಾಯಿದೆಯಿಂದ ನಿಮ್ಹಾನ್ಸ್ ರಾಷ್ಟ್ರೀಯ ಮಹತ್ವದ ಸಂಸ್ಥೆಯಾಯಿತು.

ಏನಿದು ವಿಶೇಷ ಕಲಿಕೆ?

ಈ ತರಗತಿಗಳಲ್ಲಿ ದಾದಿ ಮೊದಲು ಕಲಿಯುವುದು ಮಿದುಳಿನ ರಚನೆ. ಯಾವ ಭಾಗಕ್ಕೆ ಪೆಟ್ಟಾದರೆ ಯಾವ ಕೈ ಸೋಲುತ್ತದೆ, ಯಾವಾಗ ಮಾತು ಹೋಗುತ್ತದೆ, ಒಂದು ಕಣ್ಣಿನ ಪಾಪೆ ಮಾತ್ರ ಹಿಗ್ಗಿ ಬೆಳಕಿಗೆ ಕುಗ್ಗದಿದ್ದರೆ ಒಳಗೆ ಏನಾಗುತ್ತಿದೆ ಎಂಬುದು ಅವಳಿಗೆ ಗೊತ್ತಿರಬೇಕು. ಮೂರ್ಛೆ ಬಂದಾಗ ಅದು ಎಲ್ಲಿ ಶುರುವಾಯಿತು, ಬಾಯಿಯ ಮೂಲೆಯಲ್ಲೋ ಹೆಬ್ಬೆರಳಿನಲ್ಲೋ, ಎಷ್ಟು ನಿಮಿಷ ನಡೆಯಿತು, ಕಣ್ಣು ಯಾವ ಕಡೆ ಹೊರಳಿತು ಎಂದು ಗುರುತಿಸಿಕೊಳ್ಳಬೇಕು. ಮೂರ್ಛೆಯ ಹೊತ್ತಿಗೆ ವೈದ್ಯರು ಎದುರಿಗೆ ಇರುವುದು ಅಪರೂಪ. ದಾದಿ ಬರೆದಿಟ್ಟ ನಾಲ್ಕು ಸಾಲೇ ಅವರಿಗೆ ಆಧಾರ.

ಇನ್ನೊಂದು ಮುಖ್ಯ ಪಾಠ ನುಂಗುವಿಕೆಯದು. ಲಕ್ವಾ ಹೊಡೆದವರಲ್ಲಿ ಅನೇಕರಿಗೆ ನುಂಗುವ ಸ್ನಾಯುಗಳ ಹಿಡಿತ ತಪ್ಪಿರುತ್ತದೆ. ಬಾಯಿಗೆ ಹಾಕಿದ ನೀರು ಅನ್ನನಾಳಕ್ಕೆ ಹೋಗುವ ಬದಲು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಆದ್ದರಿಂದ ಬಾಯಿಗೆ ಏನನ್ನಾದರೂ ಕೊಡುವ ಮೊದಲು ರೋಗಿಯನ್ನು ನೆಟ್ಟಗೆ ಕೂರಿಸಿ, ಚಮಚದಲ್ಲಿ ತುಸು ನೀರು ಕೊಟ್ಟು, ಕೆಮ್ಮುತ್ತಾನೆಯೇ, ದನಿ ಒದ್ದೆಯಾಗುತ್ತದೆಯೇ ಎಂದು ತಿಳಿದವರು ಪರೀಕ್ಷಿಸುತ್ತಾರೆ. ಧನುರ್ವಾಯುವಿನ ರೋಗಿಗೆ ಬಾಗಿಲು ಬಡಿದ ಸದ್ದು, ಥಟ್ಟನೆ ಬಿದ್ದ ಬೆಳಕು ಕೂಡ ಮೈ ಸೆಟೆಯಲು ಸಾಕು. ಕೋಣೆಯನ್ನು ಕತ್ತಲಾಗಿ, ನಿಶ್ಶಬ್ದವಾಗಿ ಇಡುವುದೇ ಅಲ್ಲಿ ಅರ್ಧ ಚಿಕಿತ್ಸೆ. ಇವು ಮೇಲುನೋಟಕ್ಕೆ ಸಣ್ಣ ಕೆಲಸಗಳು. ಆದರೆ ಪ್ರತಿಯೊಂದರ ಹಿಂದೆ ಒಂದು ಕಾರಣವಿದೆ, ಆ ಕಾರಣ ತಿಳಿದವಳು ಮಾತ್ರ ಹೊತ್ತಿಗೆ ಸರಿಯಾಗಿ ಮಾಡಬಲ್ಲಳು.

ಹದಿನೈದು ಅಂಕಗಳ ಪಟ್ಟಿ

ದಾದಿಯ ಗಮನಿಕೆಗೆ ಒಂದು ಸಮಾನ ಭಾಷೆ ದೊರೆತದ್ದೂ 1974ರಲ್ಲಿಯೇ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ನರಶಸ್ತ್ರಜ್ಞರಾದ ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯನ್ ಜೆನೆಟ್ ಪ್ರಜ್ಞೆಯ ಮಟ್ಟವನ್ನು ಅಳೆಯುವ ಪಟ್ಟಿಯೊಂದನ್ನು ಪ್ರಕಟಿಸಿದರು. ಅದಕ್ಕೆ ಮೊದಲು ಒಬ್ಬರು 'ಮಂಪರು' ಎಂದು ಬರೆದರೆ ಇನ್ನೊಬ್ಬರು 'ಅರೆಪ್ರಜ್ಞೆ' ಎನ್ನುತ್ತಿದ್ದರು. ಪಾಳಿ ಬದಲಾದಾಗ ರೋಗಿ ಸುಧಾರಿಸಿದನೋ ಕೆಟ್ಟನೋ ತಿಳಿಯುತ್ತಿರಲಿಲ್ಲ.

ಈಗ ಬಳಕೆಯಲ್ಲಿರುವ ಪಟ್ಟಿಯಲ್ಲಿ ಮೂರು ಭಾಗಗಳಿವೆ. ಕಣ್ಣು ತೆರೆಯುವುದಕ್ಕೆ 4 ಅಂಕ, ಮಾತಿಗೆ 5, ಚಲನೆಗೆ 6. ಪೂರ್ತಿ ಎಚ್ಚರವಿದ್ದವನಿಗೆ 15. ಏನೂ ಇಲ್ಲದವನಿಗೂ ಕನಿಷ್ಠ 3. ಎಂಟು ಅಥವಾ ಅದಕ್ಕಿಂತ ಕಡಿಮೆಯಾದರೆ ಗಂಭೀರ ಸ್ಥಿತಿ. ಹದಿಮೂರಿದ್ದದ್ದು ಹನ್ನೊಂದಕ್ಕೆ ಇಳಿದರೆ ದಾದಿ ತಡಮಾಡದೆ ವೈದ್ಯರನ್ನು ಕರೆಯುತ್ತಾಳೆ. ಇದಕ್ಕೆ ಯಂತ್ರ ಬೇಡ, ವಿದ್ಯುತ್ತು ಬೇಡ. ತಾಲ್ಲೂಕು ಆಸ್ಪತ್ರೆಯಲ್ಲೂ ನಿಮ್ಹಾನ್ಸ್‌ನಲ್ಲೂ ಒಂದೇ ಅಳತೆ. ಸ್ಕ್ಯಾನ್ ಯಂತ್ರ ಒಂದು ಗಳಿಗೆಯ ಚಿತ್ರ ಕೊಟ್ಟರೆ, ಈ ಪಟ್ಟಿ ರಾತ್ರಿಯಿಡೀ ನಡೆದ ಕತೆಯನ್ನು ಹೇಳುತ್ತದೆ.

ಆದರೆ ಮಾತಿನ 5 ಅಂಕಗಳು ಭಾಷೆಯ ಮೇಲೆ ನಿಂತಿವೆ. ಪೂರ್ಣ 5 ದೊರೆಯಬೇಕಾದರೆ ತಾನು ಯಾರು, ಎಲ್ಲಿದ್ದೇನೆ, ಇದು ಯಾವ ಕಾಲ ಎಂಬುದನ್ನು ರೋಗಿ ಹೇಳಬೇಕು. ಮಾತು ಗೊಂದಲವಾದರೆ 4, ಸಂಬಂಧವಿಲ್ಲದ ಬಿಡಿ ಪದಗಳಾದರೆ 3, ಬರಿಯ ದನಿಯಾದರೆ 2. ಬೆಳಗಾವಿಯ ಆಸ್ಪತ್ರೆಯಲ್ಲಿ ಮಲಗಿರುವ ಗಡಿಭಾಗದ ರೋಗಿ 'ದವಾಖಾನ್ಯಾಗ ಅದೀನ್ರಿ' ಎಂದರೆ ಉತ್ತರ ಸರಿ. 'ಮಿರಜ ದವಾಖಾನ್ಯಾಗ ಅದೀನಿ' ಎಂದರೆ ತಪ್ಪು, ಮೊದಲು ಸರಿ ಹೇಳಿದ್ದವನಾದರೆ ಅದು ಎಚ್ಚರಿಕೆಯ ಗಂಟೆ. ಈ ಎರಡರ ನಡುವಿನ ವ್ಯತ್ಯಾಸ ಕನ್ನಡ ಬಲ್ಲ ಕಿವಿಗೆ ಮಾತ್ರ ಕೇಳಿಸುತ್ತದೆ. ನಮ್ಮ ದೊಡ್ಡ ಆಸ್ಪತ್ರೆಗಳಲ್ಲಿ ದುಡಿಯುವ ದಾದಿಯರಲ್ಲಿ ಅನೇಕರು ಕೇರಳದಿಂದ, ಇತರ ರಾಜ್ಯಗಳಿಂದ ಬಂದವರು. ಅವರ ನಿಷ್ಠೆ, ಕೌಶಲಗಳನ್ನು ಕಡೆಗಣಿಸುವಂತಿಲ್ಲ. ಅವರಿಲ್ಲದೆ ನಮ್ಮ ಆಸ್ಪತ್ರೆಗಳು ನಡೆಯುತ್ತಿರಲಿಲ್ಲ. ಬಹಳ ಮಂದಿ ಕನ್ನಡವನ್ನು ಚೆನ್ನಾಗಿ ಕಲಿತೂ ಇದ್ದಾರೆ. ಆದರೆ ಆ ಕಲಿಕೆಯನ್ನು ಅವರವರ ಪಾಡಿಗೆ ಬಿಟ್ಟಿದ್ದೇವೆ. ಪಾಠಪಟ್ಟಿಯ ಮುಖ್ಯ ಭಾಗವಾಗಿ ಕಂಡಿಲ್ಲ.

ಗಡಿಯಲ್ಲಿ ಇನ್ನೊಂದು ತೊಡಕೂ ಇದೆ. ಶೇಡಬಾಳ, ಕಾಗವಾಡ, ನಿಪ್ಪಾಣಿ, ಚಿಕ್ಕೋಡಿಗಳಲ್ಲಿ ಅನೇಕರು ಮನೆಯಲ್ಲಿ ಒಂದು, ಪೇಟೆಯಲ್ಲಿ ಒಂದು ಎಂದು ಕನ್ನಡ, ಮರಾಠಿ ಎರಡನ್ನೂ ಆಡುತ್ತಾರೆ. ಮಿದುಳಿನ ಮಾತಿನ ಭಾಗಕ್ಕೆ ಘಾಸಿಯಾದಾಗ ಇಂಥವರಲ್ಲಿ ಎರಡು ಭಾಷೆಗಳೂ ಒಂದೇ ಸಮನಾಗಿ ಕೆಡಬೇಕೆಂದಿಲ್ಲ, ಒಂದೇ ಸಮನಾಗಿ ಮರಳಬೇಕೆಂದೂ ಇಲ್ಲ ಎಂಬುದನ್ನು ವೈದ್ಯರು 19ನೆಯ ಶತಮಾನದಿಂದಲೇ ಗಮನಿಸಿದ್ದಾರೆ. ಕನ್ನಡದಲ್ಲಿ ಕೇಳಿದರೆ ಸುಮ್ಮನಿರುವ ರೋಗಿ ಮರಾಠಿಯಲ್ಲಿ ಕೇಳಿದರೆ ಉತ್ತರಿಸಬಹುದು. ಅದರ ತಿರುಗುಮುರುಗೂ ಆಗಬಹುದು. ಎರಡನ್ನೂ ಬಲ್ಲ ದಾದಿ ಇಲ್ಲಿ ಕಾಣುವುದನ್ನು ಹೊರಗಿನ ತಜ್ಞರು ಕಾಣಲಾರರು.

ಊರಿನ ಲೆಕ್ಕ

ನರರೋಗಗಳು ಪಟ್ಟಣದ ಕಾಯಿಲೆಗಳೆಂಬ ಭಾವನೆ ಕೆಲವರಲ್ಲಿದೆ. ಅದು ನಿಜವಲ್ಲ. ನಿಮ್ಹಾನ್ಸ್‌ನ ಡಾ. ಗೌರಿದೇವಿ ಮತ್ತು ಸಂಗಡಿಗರು ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ 1,02,557 ಜನರನ್ನು ಸಮೀಕ್ಷೆ ಮಾಡಿ 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ಲಕ್ಷ ಜನರಿಗೆ ನಗರದಲ್ಲಿ 2,190 ಮಂದಿಗೆ ನರಸಂಬಂಧಿ ಕಾಯಿಲೆಗಳಿದ್ದರೆ ಹಳ್ಳಿಗಳಲ್ಲಿ 4,070 ಮಂದಿಗೆ ಇದ್ದವು. ಹೆಚ್ಚುಕಡಿಮೆ ಇಮ್ಮಡಿ. ಮೂರ್ಛೆರೋಗವೂ ಹಳ್ಳಿಯಲ್ಲೇ ಹೆಚ್ಚು. ರೋಗವಿರುವುದು ಹಳ್ಳಿಯಲ್ಲಿ, ವಿದ್ಯೆಯಿರುವುದು ನಗರದಲ್ಲಿ.

ಶೇಡಬಾಳದಿಂದ ಬೆಂಗಳೂರಿಗೆ ಐನೂರು ಕಿಲೋಮೀಟರಿಗೂ ಹೆಚ್ಚು ದೂರ. ಲಕ್ವಾ ಹೊಡೆದವರಿಗೆ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧ ಮೂರು ಗಂಟೆಯೊಳಗೆ ಕೊಟ್ಟರೆ ಉಪಯುಕ್ತ ಎಂದು 1995ರಲ್ಲಿ ತೋರಿಬಂತು. 2008ರಲ್ಲಿ ಆ ಅವಧಿ ನಾಲ್ಕೂವರೆ ಗಂಟೆಗೆ ವಿಸ್ತರಿಸಿತು. ಆ ಹೊತ್ತಿನಲ್ಲಿ ಬೆಂಗಳೂರು ತಲುಪುವ ಮಾತೇ ಇಲ್ಲ. ಬೆಳಗಾವಿ ಅಥವಾ ಮಿರಜ ತಲುಪಲು ಕೂಡ ಮೊದಲ ಅರ್ಧ ಗಂಟೆಯಲ್ಲಿ ಯಾರಾದರೂ ರೋಗವನ್ನು ಗುರುತಿಸಿರಬೇಕು. ಬಾಯಿ ಸೊಟ್ಟಗಾಗಿದೆ, ಒಂದು ಕೈ ಬಿದ್ದಿದೆ, ಮಾತು ತೊದಲುತ್ತಿದೆ ಎಂಬುದನ್ನು ನೋಡಿ 'ಇದು ಲಕ್ವಾ, ಈಗಲೇ ಹೊರಡಿ' ಎನ್ನುವವರು ಪ್ರಾಥಮಿಕ ಆರೋಗ್ಯ ಕೇಂದ್ರದ ದಾದಿಯೇ ಆಗಿರಬೇಕು. ಅವಳಿಗೆ ಅದು ತಿಳಿಯದಿದ್ದರೆ ಆ ಹೊತ್ತು ಪಾರಿವಾಳದ ರಕ್ತ ಹಚ್ಚುವುದರಲ್ಲಿ ಕಳೆದುಹೋಗುತ್ತದೆ. ಮೂರ್ಛೆ ಬಂದವನ ಕೈಗೆ ಬೀಗದ ಕೈ ಹಿಡಿಸುವುದು, ಮೂಗಿಗೆ ಉಳ್ಳಾಗಡ್ಡಿ ಹಿಡಿಯುವುದು, ಬಾಯಿಗೆ ನೀರು ಹಾಕುವುದು ಇನ್ನೂ ನಿಂತಿಲ್ಲ. ಆತನನ್ನು ಮಗ್ಗುಲಾಗಿ ಮಲಗಿಸಿ, ಬಾಯಿಗೆ ಏನೂ ಹಾಕದೆ, ಗಡಿಯಾರ ನೋಡಬೇಕು. ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯಬೇಕು. ಇಷ್ಟನ್ನು ಊರಿಗೆ ಕಲಿಸಬಲ್ಲವಳು ಊರಿನ ದಾದಿಯೇ.

ರೋಗಿ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೂ ಕತೆ ಮುಗಿಯುವುದಿಲ್ಲ. ಲಕ್ವಾ ಹೊಡೆದ ಅಜ್ಜನ, ಬೆನ್ನುಹುರಿ ಮುರಿದ ಮಗನ ಶುಶ್ರೂಷೆ ಬೀಳುವುದು ಮನೆಯ ಸೊಸೆಯ ಮೇಲೆ, ಹೆಂಡತಿಯ ಮೇಲೆ, ತಾಯಿಯ ಮೇಲೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂಬ ಗಟ್ಮನ್ನರ ನಿಯಮವನ್ನು ಕೊನೆಗೆ ಪಾಲಿಸಬೇಕಾದವರು ಇವರು. ಆಸ್ಪತ್ರೆಯಿಂದ ಬಿಡುವಾಗ ದಾದಿ ಅದನ್ನು ಮಾಡಿ ತೋರಿಸಿ, ಅವರ ಕೈಯಿಂದಲೇ ಮಾಡಿಸಿ ಕಳಿಸಿದರೆ ಹಾಸಿಗೆ ಹುಣ್ಣಾಗುವುದನ್ನು ಬಹಳಷ್ಟು ಮಟ್ಟಿಗೆ ತಡೆಯಬಹುದು. ಇಂಗ್ಲಿಷಿನಲ್ಲಿ ಬರೆದ ಬಿಡುಗಡೆ ಚೀಟಿಯೊಂದನ್ನು ಕೈಗಿತ್ತು ಕಳಿಸಿದರೆ ಆ ವಿದ್ಯೆ ಆಸ್ಪತ್ರೆಯ ಬಾಗಿಲಲ್ಲೇ ನಿಂತುಹೋಗುತ್ತದೆ.

ಈ ಕೊರತೆಯನ್ನು ಸರ್ಕಾರ ಕಂಡಿಲ್ಲವೆಂದಲ್ಲ. ಮಾನಸಿಕ ಆರೋಗ್ಯ ಸೇವೆಯನ್ನು ಹಳ್ಳಿಗೆ ಒಯ್ಯುವ ಪ್ರಯೋಗವನ್ನು ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಮತ್ತು ಕಾರ್ಯಕರ್ತರಿಗೆ ತರಬೇತಿ ಕೊಟ್ಟ ಆ ಮಾದರಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ದಾರಿಯಾಯಿತು. 2022ರಲ್ಲಿ ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ ಸೇರಿ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿದವು. ಬೆಂಗಳೂರು, ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ಮೊದಲ ಪ್ರಯೋಗ ನಡೆಯಿತು. ಬಳ್ಳಾರಿಯ ಪಾಠ ಇಲ್ಲಿಯೂ ಅನ್ವಯಿಸುತ್ತದೆ. ತಜ್ಞರನ್ನು ಎಲ್ಲೆಡೆ ಇರಿಸಲಾಗದು. ತಜ್ಞರ ತಿಳಿವಳಿಕೆಯ ಆವಶ್ಯಕ ಭಾಗವನ್ನು ಹತ್ತಿರದಲ್ಲಿರುವವರಿಗೆ ದಾಟಿಸಬಹುದು.

ಹಾಗೆ ದಾಟಿಸುವುದಕ್ಕೆ ಬೇಕಾದುದು ಅಸಾಧ್ಯವಾದುದೇನಲ್ಲ. ಅಥಣಿ, ಚಿಕ್ಕೋಡಿಗಳಂಥ ತಾಲ್ಲೂಕು ಆಸ್ಪತ್ರೆಯಿಂದ ಒಬ್ಬಿಬ್ಬರು ದಾದಿಯರನ್ನು ಸಂಬಳ ಸಹಿತ ಒಂದು ವರ್ಷದ ನರಶುಶ್ರೂಷೆಯ ಕಲಿಕೆಗೆ ಕಳಿಸಿ, ಮರಳಿದ ಮೇಲೆ ಬೇರೆ ವಿಭಾಗಕ್ಕೆ ಹಾಕದೆ ಅದೇ ಕೆಲಸದಲ್ಲಿ ಇರಿಸಬೇಕು. ಹದಿನೈದು ಅಂಕಗಳ ಪಟ್ಟಿಯ ಪ್ರಶ್ನೆಗಳನ್ನು ಆಯಾ ಸೀಮೆಯ ಆಡುಮಾತಿನಲ್ಲಿ ಬರೆದು, ಶ್ರಾವಣ ಎಂದರೂ ಆಗಸ್ಟ್ ಎಂದರೂ ಒಂದೇ ಎಂಬ ಸೂಚನೆಯೊಡನೆ ವಾರ್ಡಿನ ಗೋಡೆಗೆ ಹಚ್ಚಬೇಕು. ಹೊರಗಿನಿಂದ ಬಂದ ದಾದಿಯರಿಗೆ ರೋಗಿಯ ಭಾಷೆಯನ್ನು ಔಷಧದ ಪ್ರಮಾಣದಷ್ಟೇ ಗಂಭೀರವಾಗಿ ಕಲಿಸಬೇಕು. ಮನೆಯವರಿಗೆ ಕೊಡುವ ಚೀಟಿ ಕನ್ನಡದಲ್ಲಿರಬೇಕು, ಗಡಿಯಲ್ಲಿ ಮರಾಠಿಯಲ್ಲೂ ಇರಬೇಕು.

ಉಪಚಾರದ ತಿಳಿವಳಿಕೆಯನ್ನು ಪರಿಚಾರಕನ ಮೊದಲ ಗುಣವೆಂದು ಎಣಿಸಿದ ನಾಡು ಇದು. ರೋಗಿಯ ಸೇವೆಯನ್ನು ತಪಸ್ಸೆಂದು ಕರೆದ ಸೀಮೆ ಅದು. ಮಾತಾಡಲಾರದ ರೋಗಿಯ ಪರವಾಗಿ ನೋಡಬಲ್ಲ, ಅವನು ಆಡಿದ ಅರ್ಧ ಮಾತನ್ನೂ ಅರಿಯಬಲ್ಲ ದಾದಿಯನ್ನು ಅವನ ಊರಿನ ಹತ್ತಿರದಲ್ಲೇ ಸಿದ್ಧಪಡಿಸುವ ಕೆಲಸ ಮಾತ್ರ ಇನ್ನೂ ಬಾಕಿ ಉಳಿದಿದೆ.